ಪ್ರೊಪೆಲ್ಲರ್ ಕಲಿಸಿದ್ದನ್ನು ಗದಗಿನ ಫ್ಯಾನ್ ಮುಂದೆ ಮರೆತಿದ್ದೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಗಿರಣಿಗಳ ಫ್ಯಾನು, ಬ್ಲೋವರ್, ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ಎಲೆಗಳ ಚಕ್ರ) ನಡುಗದೆ ತಿರುಗುವ ಹಾಗೆ ಬ್ಯಾಲೆನ್ಸ್ ಮಾಡಿಕೊಡುತ್ತೇನೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಆರು ವರ್ಷ ಸಣ್ಣ ವಿಮಾನಗಳ ಪ್ರೊಪೆಲ್ಲರ್ ಓವರ್‌ಹಾಲ್ ಮಾಡುವ ಕಡೆ ಟೆಕ್ನಿಷಿಯನ್ ಆಗಿದ್ದೆ. ಇಲ್ಲಿ ಏರ್‌ಪೋರ್ಟ್ ಕೂಡ ಇದೇ ರೋಡಿನಲ್ಲಿದೆ. ಹಾಗಾಗಿ ಜನ "ಇಲ್ಲೂ ವಿಮಾನದ ಕೆಲಸಾ ಮಾಡ್ತೀರೇನ್ರಿ?" ಅಂತ ಕೇಳುತ್ತಾರೆ. ಇಲ್ಲ. ಅದಕ್ಕೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಇರುವ ವರ್ಕ್‌ಶಾಪೇ ಬೇಕು. ನನ್ನ ಹತ್ತಿರ ಬರುವುದು ಹತ್ತಿ ಮತ್ತು ಮೆಣಸಿನಕಾಯಿ ಧೂಳು ಮೆತ್ತಿದ ಫ್ಯಾನುಗಳು.

ಆದರೆ ಈ ಕೆಲಸದ ಬುದ್ಧಿ ಬಂದದ್ದು ಅಲ್ಲಿಂದಲೇ. ತರಬೇತಿ ವಿಮಾನಗಳ ಎರಡೆಲೆಯ ಅಲ್ಯುಮಿನಿಯಂ ಪ್ರೊಪೆಲ್ಲರ್ ಸಾಮಾನ್ಯವಾಗಿ 2000 ಗಂಟೆ ಹಾರಿದ ಮೇಲೆ, ಇಲ್ಲವೇ 6 ವರ್ಷಕ್ಕೆ, ಯಾವುದು ಮೊದಲೋ ಆಗ ಓವರ್‌ಹಾಲಿಗೆ ಬರುತ್ತಿತ್ತು. ಬಣ್ಣ ತೆಗೆಯುವುದು, ಅಳತೆ ನೋಡುವುದು, ಬಿರುಕಿನೊಳಗೆ ಇಳಿಯುವ ಪೆನೆಟ್ರಂಟ್ ದ್ರವ ಹಚ್ಚಿ ಬಿರುಕು ಹುಡುಕುವುದು, ಕಚ್ಚುಗಳನ್ನು ಅರ ಹಾಕಿ ನುಣುಪು ಮಾಡುವುದು. ಅರವನ್ನು ಎಲೆಯ ಉದ್ದಕ್ಕೇ ಆಡಿಸಬೇಕು. ಅಡ್ಡ ಗೀರು ಬಿದ್ದರೆ ಅದೇ ನಾಳೆ ಬಿರುಕಿಗೆ ದಾರಿ. ರನ್‌ವೇ ಪಕ್ಕದ ಒಂದು ಕಡಲೆ ಗಾತ್ರದ ಕಲ್ಲು ಸಾಕು, ಅಂಚಿನಲ್ಲಿ ಕಚ್ಚು ಮಾಡಲು. ಕಡೆಗೆ ಮತ್ತೆ ಬಣ್ಣ. ಪೈಲಟ್ ಕಡೆಗಿರುವ ಮೈಗೆ ಹೊಳಪಿಲ್ಲದ ಕಪ್ಪು, ಬಿಸಿಲು ಕಣ್ಣಿಗೆ ಹೊಡೆಯಬಾರದಲ್ಲ.

ನನಗೆ ಇಷ್ಟವಾಗುತ್ತಿದ್ದದ್ದು ಸ್ಟ್ಯಾಟಿಕ್ ಬ್ಯಾಲೆನ್ಸ್. ಪ್ರೊಪೆಲ್ಲರಿನ ನಡುವಿನ ತೂತಿನಲ್ಲಿ ಮ್ಯಾಂಡ್ರೆಲ್ ಎಂಬ ನುಣುಪು ಸರಳು ತೂರಿಸಿ, ಎರಡು ಚೂಪು ಅಂಚುಗಳ ಮೇಲೆ ಅದನ್ನು ಇಡಬೇಕು. ಅಡ್ಡ ಇಟ್ಟಾಗ ಭಾರದ ಎಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಯಾವ ಪಕ್ಕಕ್ಕೆ ವಾಲುತ್ತದೆ ಅಂತ ನೋಡಬೇಕು. ಬಾಗಿಲು ಬಂದ್, ಫ್ಯಾನ್ ಬಂದ್, ಎಸಿ ಬಂದ್. ಯಾಕಂದರೆ ಸಣ್ಣ ಗಾಳಿಗೂ ಅದು ತಿರುಗಿಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಬೆವರು ಒರೆಸಿಕೊಳ್ಳುತ್ತಾ ಉಸಿರು ಹಿಡಿದು ನಿಂತಿರುತ್ತಿದ್ದೆವು. ಅಷ್ಟೊತ್ತಿಗೆ ಯಾರೋ ಬಾಗಿಲು ತೆಗೆದು "ಚಹಾ ಬಂತು" ಅಂದರೆ ಮತ್ತೆ ಮೊದಲಿಂದ.

ಇಷ್ಟು ನಾಜೂಕು ಯಾಕೆ ಅಂತ ಹೊಸಬರು ಕೇಳುತ್ತಾರೆ. 76 ಇಂಚಿನ ಪ್ರೊಪೆಲ್ಲರ್ 2700 ಆರ್‌ಪಿಎಂನಲ್ಲಿ ತಿರುಗುವಾಗ, ತುದಿಯಲ್ಲಿರುವ ಬರೀ 10 ಗ್ರಾಂ ಸುಮಾರು 79 ಕೆಜಿ ಬಲದಿಂದ ಹೊರಗೆ ಎಳೆಯುತ್ತದೆ. ಸೆಕೆಂಡಿಗೆ 45 ಸಲ ಆ ಎಳೆತದ ದಿಕ್ಕು ಸುತ್ತುತ್ತಿರುತ್ತದೆ. ಅದೆಲ್ಲ ಎಂಜಿನ್ನಿನ ಬೇರಿಂಗಿಗೆ, ಆಮೇಲೆ ಡ್ಯಾಶ್‌ಬೋರ್ಡಿನ ಮೀಟರುಗಳಿಗೆ.

ಒಮ್ಮೆ ಒಂದು ವಿಮಾನ ನಡುಗುತ್ತಿದೆ ಅಂತ ಕರೆ ಬಂತು. ಎಂಜಿನ್ ಮುಂಭಾಗಕ್ಕೆ ಸೆನ್ಸರ್, ಎಲೆಗೆ ಬೆಳಕು ಹಿಂತಿರುಗಿಸುವ ಟೇಪು. ಮೀಟರಿನಲ್ಲಿ ನಡುಕ 0.45 ಐಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಇಂಚು. 0.2 ದಾಟಿದರೆ ಬ್ಯಾಲೆನ್ಸ್ ಮಾಡಲೇಬೇಕು, 0.07ಕ್ಕಿಂತ ಕೆಳಗೆ ತಂದರೆ ಚಲೋ, ಇದು ನಮ್ಮಲ್ಲಿದ್ದ ಲೆಕ್ಕ. ಎಲ್ಲಿ ಎಷ್ಟು ವಾಷರ್ ಹಾಕಬೇಕು ಅಂತ ಮೀಟರೇ ಹೇಳುತ್ತದೆ. ನಾನು ವಾಷರ್ ಡಬ್ಬಿ ತೆಗೆದೆ. ನಮ್ಮ ಸೀನಿಯರ್ ರಾಣೆಬೆನ್ನೂರಿನವರು. ಡಬ್ಬಿ ಕಸಿದುಕೊಂಡು, "ತಮ್ಮಾ, ಮೊದ್ಲ ಸ್ಪಿನ್ನರ್ ಬಿಚ್ಚು" ಅಂದರು. ಸ್ಪಿನ್ನರ್ ಅಂದರೆ ಪ್ರೊಪೆಲ್ಲರ್ ನಡುವಿನ ಮೂತಿಯಂಥ ಟೋಪಿ. ಬಿಚ್ಚಿದರೆ ಸ್ಪಿನ್ನರ್ ಹಿಂದಿನ ತಗಡಿನ ಪ್ಲೇಟಿನಲ್ಲಿ ಒಂದು ಬೆರಳುದ್ದದ ಬಿರುಕು! ನಾನು ವಾಷರ್ ಕಟ್ಟಬೇಕೆಂದಿದ್ದೂ ಅದೇ ಪ್ಲೇಟಿಗೆ. ಪ್ಲೇಟ್ ಬದಲಿಸಿದ ಮೇಲೆ ಅಳೆದರೆ ನಡುಕ ಅರ್ಧಕ್ಕಿಂತ ಕಡಿಮೆ. ಉಳಿದದ್ದಕ್ಕೆ ಎರಡು ವಾಷರ್ ಸಾಕಾಯಿತು.

ಇಷ್ಟೆಲ್ಲ ಕಲಿತವನು ಗದಗ ಕಡೆಯ ಒಂದು ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಗಿರಣಿಯಲ್ಲಿ ಏನು ಮಾಡಿದೆ ಕೇಳಿ.

ಹತ್ತಿ ಸೀಸನ್. ಅಂಗಳದ ತುಂಬ ಗಾಡಿ. ಧೂಳು ಎಳೆಯುವ ದೊಡ್ಡ ಫ್ಯಾನು ನಡುಗಿ ನಡುಗಿ ಬುಡದ ಬೋಲ್ಟೇ ಸಡಿಲ ಆಗಿತ್ತು. ಮಾಲೀಕರು ತಲೆ ಮೇಲೆ ನಿಂತಿದ್ದರು, "ಒಂದ ತಾಸಿನ್ಯಾಗ ಚಾಲೂ ಆಗ್ಬೇಕ ನೋಡ್ರಿ." ಬೋಲ್ಟ್ ಬಿಗಿ ಮಾಡಿಸಿ, ಮೀಟರ್ ಹಚ್ಚಿದೆ. ನಡುಕ 14 ಮಿಮೀ ಪ್ರತಿ ಸೆಕೆಂಡ್. ಪರೀಕ್ಷೆಗೆ ಒಂದು ಟ್ರಯಲ್ ತೂಕ ಹಾಕಿ, ನಡುಕ ಎಷ್ಟು ಬದಲಾಯಿತು ಅಂತ ನೋಡಿ ಲೆಕ್ಕ ತೆಗೆದು, 60 ಗ್ರಾಂ ಪಟ್ಟಿಯ ತುಂಡನ್ನು ಇಂಪೆಲ್ಲರಿಗೆ ವೆಲ್ಡ್ ಮಾಡಿಸಿದೆ. 2ಕ್ಕೆ ಇಳಿಯಿತು. ಮಾಲೀಕರು ಖುಷಿ. ಗಿರ್ಮಿಟ್, ಮಿರ್ಚಿ, ಚಹಾ ಎಲ್ಲ ಆಯಿತು. ನಾನೂ ಸ್ವಲ್ಪ ಉಬ್ಬಿಕೊಂಡೇ ಹುಬ್ಬಳ್ಳಿ ಬಸ್ ಹತ್ತಿದೆ.

ಒಂಬತ್ತನೇ ದಿನ ಮಿಸ್ತ್ರಿ ಕಾಕಾ ಫೋನ್ ಮಾಡಿದರು. "ಫ್ಯಾನ್ ಮತ್ತ ನಡಗಾಕ ಹತ್ತೇತಿ. ಬೇರಿಂಗ್ ಮುಟ್ಟಿದ್ರ ಕೈ ಸುಡ್ತೇತಿ."

ಹೋಗಿ ಕವರ್ ಬಿಚ್ಚಿಸಿದೆ. ಮೊದಲ ಸಲ ಅದನ್ನು ಬಿಚ್ಚಿಯೇ ಇರಲಿಲ್ಲ, ಸಣ್ಣ ಬಾಗಿಲಿಂದಲೇ ಕೈ ಹಾಕಿ ವೆಲ್ಡಿಂಗ್ ಮುಗಿಸಿದ್ದೆವು. ಒಳಗೆ ನೋಡಿದರೆ ಎಲೆಗಳ ಹಿಂದೆ ಗಟ್ಟಿ ಮಣ್ಣಿನಂಥ ಪದರ. ಆ ವರ್ಷ ಬಿಡಿಸುವ ಹೊತ್ತಿಗೆ ಮಳೆ ಬಂದು ಹತ್ತಿ ಹಸಿಯಾಗಿತ್ತು. ಹಸಿ ಧೂಳು, ಸಣ್ಣ ಎಳೆ ಎಲ್ಲ ಸೇರಿ ರೊಟ್ಟಿ ಹಾಗೆ ಅಂಟಿಕೊಂಡಿತ್ತು. ಎಲ್ಲ ಎಲೆಗೂ ಇತ್ತು, ಒಂದೆರಡು ಎಲೆಗೆ ಮಾತ್ರ ಜಾಸ್ತಿ. ನಾನು ತೂಕ ಹಚ್ಚಿದ್ದು ಆ ಕೆಸರಿಗೆ ಸರಿಯಾಗಿ! ಅದು ಒಣಗಿ ಕಳಚಿ ಬಿದ್ದ ದಿನ ನನ್ನ ತುಂಡೇ ಭಾರವಾಯಿತು. 1440 ಆರ್‌ಪಿಎಂ, ನಡುವಿನಿಂದ ಅರ್ಧ ಮೀಟರ್ ದೂರ, 60 ಗ್ರಾಂ. ಸುಮಾರು 70 ಕೆಜಿ ಎಳೆತ, ಸೆಕೆಂಡಿಗೆ 24 ಸಲ. ಬೇರಿಂಗ್ ಸುಡದೇ ಇರುತ್ತದೆಯೇ?

ನನ್ನ ತುಂಡನ್ನು ಕಡಿಸಿದೆ. ಕೆರೆದು, ತೊಳೆದು, ಒರೆಸಿ ಫ್ಯಾನ್ ಚಾಲೂ ಮಾಡಿದರೆ 3.5. ಏನೂ ಹಚ್ಚದೆ! ಆ ಗಿರಣಿಗೆ ಅಷ್ಟು ಸಾಕಾಗಿತ್ತು, ಆದರೂ 8 ಗ್ರಾಂ ಹಚ್ಚಿ ಇನ್ನೂ ಇಳಿಸಿದೆ. ಅದು ಬರೀ ನನ್ನ ಹಟ. ಬೇರಿಂಗ್ ದುಡ್ಡು ನಾನೇ ಕೊಟ್ಟೆ. ಮಾಲೀಕರು ಬೇಡ ಅನ್ನಲಿಲ್ಲ, ನಾನಾಗಿದ್ದರೂ ಅನ್ನುತ್ತಿರಲಿಲ್ಲ.

ಮೀಟರ್ ಸುಳ್ಳು ಹೇಳಿರಲಿಲ್ಲ. ಭಾರ ಯಾವ ಕಡೆ, ಎಷ್ಟು, ಅಂತ ಸರಿಯಾಗೇ ಹೇಳಿತ್ತು. ಅದು ಕಬ್ಬಿಣದ ಭಾರವೋ ಕೆಸರಿನದೋ, ಬಿರುಕು ಬಿಟ್ಟ ತಗಡಿನದೋ, ಅದನ್ನು ಹೇಳುವುದು ಅದರ ಕೆಲಸವೇ ಅಲ್ಲ. ಬೆಂಗಳೂರಿನಲ್ಲಿ ಪ್ರೊಪೆಲ್ಲರ್ ಬೆಂಚಿಗೆ ಬರುವಷ್ಟರಲ್ಲಿ ಬಣ್ಣ ಸಮೇತ ಎಲ್ಲ ತೆಗೆದಿರುತ್ತಿತ್ತು. ಹಾಗಾಗಿ ತೊಳೆಯುವುದು ಬೇರೆಯವರ ಕೆಲಸ, ಬ್ಯಾಲೆನ್ಸ್ ನನ್ನ ಕೆಲಸ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಗಿರಣಿಯಲ್ಲಿ ಆ ಬೇರೆಯವರು ಯಾರೂ ಇರುವುದಿಲ್ಲ.

ಈಗ ಮೀಟರ್ ಪೆಟ್ಟಿಗೆಯ ಜೊತೆ ಒಂದು ಚೀಲವೂ ಬರುತ್ತದೆ. ಅದರಲ್ಲಿ ಕೆರೆಯುವ ಪಟ್ಟಿ, ತಂತಿ ಬ್ರಷ್, ಟಾರ್ಚ್, ಹಳೇ ಬನಿಯನ್ ತುಂಡು. ಕವರ್ ಬಿಚ್ಚಲು ಬಿಡುವುದಿಲ್ಲ ಅಂದರೆ ಕೆಲಸವೇ ಬೇಡ ಅಂತ ಫೋನಿನಲ್ಲೇ ಹೇಳುತ್ತೇನೆ. ಇದರಿಂದ ಎರಡು ಗಿರಾಕಿ ಕೈಬಿಟ್ಟೂ ಹೋದರು. ಗದಗಿನ ಆ ಗಿರಣಿಗೆ ಮಾತ್ರ ಪ್ರತಿ ಸೀಸನ್ ಶುರುವಿಗೆ ಹೋಗುತ್ತೇನೆ. ಗೇಟಿನಲ್ಲಿ ನನ್ನ ಬೈಕ್ ಕಂಡ ಕೂಡಲೇ ಮಿಸ್ತ್ರಿ ಕಾಕಾ ಒಳಗೆ ಕೂಗುತ್ತಾರೆ, "ಏ, ಕವರ್ ಬಿಚ್ಚಿಡ್ರಿ, ಕಸಬರಿಗಿ ಎಂಜಿನಿಯರ್ ಬಂದ್ರು!"