ಬೀರುವಿನ ಪುಸ್ತಕ ವಿಕಿಸೋರ್ಸ್‌ಗೆ ಹೋಗುವಾಗ

ಬೀಗ ಹಾಕಿದ ಬೀರುವಿನಲ್ಲಿ ಪುಡಿಯಾಗುತ್ತಿರುವ ಹಳೆಯ ಪುಸ್ತಕಗಳನ್ನು, ಯಾರು ಬೇಕಾದರೂ ಓದಿ ತಿದ್ದಬಹುದಾದ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಏರಿಸುವುದು ಗ್ರಂಥಾಲಯಕ್ಕೇ ಹೇಳಿ ಮಾಡಿಸಿದ ಕೆಲಸ. ಪುಸ್ತಕ ಅಲ್ಲೇ ಇದೆ, ದಿನಾ ಬಂದು ಕೂರುವ ಓದುಗರೂ ಅಲ್ಲೇ ಇದ್ದಾರೆ. ಬರೀ ಪಿಡಿಎಫ್ ಇಟ್ಟರೆ ಅದು ಚಿತ್ರಗಳ ಕಟ್ಟು ಅಷ್ಟೇ. ಹುಡುಕಿದ ಪದ ಸಿಗಬೇಕೆಂದರೆ ಜನ ಕೂತು ತಿದ್ದಬೇಕು.

ಮೊದಲು ಹಕ್ಕುಸ್ವಾಮ್ಯ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕಳೆಯಬೇಕು. ಮುದ್ದಣ ತೀರಿಕೊಂಡದ್ದು 1901ರಲ್ಲಿ, ಅವನ ಪಠ್ಯ ಮುಕ್ತ. ಆದರೆ ನಿಮ್ಮ ಪ್ರತಿ ಈಚಿನ ಮುದ್ರಣವಾದರೆ ಮುನ್ನುಡಿ, ಟಿಪ್ಪಣಿಗಳು ಸಂಪಾದಕರವು, ಅವುಗಳ ಲೆಕ್ಕವೇ ಬೇರೆ. ಕಾಮನ್ಸ್‌ಗೆ (ವಿಕಿಗಳ ಚಿತ್ರ, ಕಡತಗಳ ಭಂಡಾರ) ಹಾಕುವ ಸ್ಕ್ಯಾನ್ ಕಡತ ಅಮೆರಿಕದ ಕಾನೂನಿಗೂ ಹೊಂದಬೇಕು. ಹಾಗಾಗಿ 1935ರೊಳಗೆ ತೀರಿಕೊಂಡವರು ಬದುಕಿದ್ದಾಗಲೇ ಅಚ್ಚಾದ ಪುಸ್ತಕದಿಂದ ಶುರುಮಾಡಿದರೆ ತಲೆನೋವಿಲ್ಲ.

ಸ್ಕ್ಯಾನ್ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಇರಲಿ, ಅಕ್ಷರ ಸಣ್ಣದಿದ್ದರೆ 400. ಗ್ರೇಸ್ಕೇಲ್ (ಬೂದು ಛಾಯೆಗಳು) ಅಥವಾ ಬಣ್ಣದಲ್ಲೇ ಮಾಡಿ, ಬರೀ ಕಪ್ಪು-ಬಿಳುಪಿನಲ್ಲಿ ಒತ್ತಕ್ಷರದ ಸಂದುಗಳು ಮುಚ್ಚಿಹೋಗುತ್ತವೆ. ಏರಿಸುವ ಮುಂಚೆ ಒಬ್ಬರು ಪುಟಸಂಖ್ಯೆ ಕೂಗಬೇಕು, ಇನ್ನೊಬ್ಬರು ಕಡತದಲ್ಲಿ ನೋಡಬೇಕು. ಇದನ್ನು ದಯವಿಟ್ಟು ಬಿಡಬೇಡಿ. ನೂರು ಪುಟ ತಿದ್ದಿದ ಮೇಲೆ ಒಂದು ಹಾಳೆ ಬಿಟ್ಟುಹೋಗಿದೆ ಎಂದು ಗೊತ್ತಾಗಿ ಕಡತ ಬದಲಿಸಿದರೆ, ಅಲ್ಲಿಂದ ಮುಂದಿನ ಪಠ್ಯವೆಲ್ಲ ಎರಡೆರಡು ಪುಟ ಸರಿದು ಬೇರೆ ಚಿತ್ರದ ಪಕ್ಕ ಕೂರುತ್ತದೆ. ಹಾಳೆ ನಿಜವಾಗಿಯೂ ಹರಿದುಹೋಗಿದ್ದರೆ ಅದರ ಜಾಗಕ್ಕೆ ಎರಡು ಖಾಲಿ ಪುಟ ಸೇರಿಸಿ, ಬೇರೆ ಪ್ರತಿ ಸಿಕ್ಕಾಗ ತುಂಬಿಸಬಹುದು.

ವಿಕಿಸೋರ್ಸ್‌ನಲ್ಲಿ ಪುಸ್ತಕದ ಎಲ್ಲ ಪುಟಗಳ ಪಟ್ಟಿ ತೋರಿಸುವ ಪರಿವಿಡಿ ಪುಟ ಮಾಡಿ, ಪುಸ್ತಕದ 1ನೇ ಪುಟ ಕಡತದಲ್ಲಿ ಎಷ್ಟನೆಯದೋ ಅದನ್ನು ಅಲ್ಲಿ ತಿಳಿಸಿ. ಆಮೇಲೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರವೇ ಓದಿ ಪಠ್ಯ ಮಾಡುವುದು.

ಕನ್ನಡ ಓಸಿಆರ್‌ನಲ್ಲಿ ಕಣ್ಣಿಗೆ ಬೀಳದ ತಪ್ಪೇ ಹೆಚ್ಚು ಕಾಡುವುದು. 'ಕೆಂಪು' ಪದದಲ್ಲಿ ಅನುಸ್ವಾರದ ಬದಲು ಸೊನ್ನೆಯ ಅಂಕಿ ಬಂದು 'ಕೆ೦ಪು' ಆಗಿರುತ್ತದೆ. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತು 'ಸೂರ್ಯ' ಹೋಗಿ 'ಸೂಯ೯' ಆಗುತ್ತದೆ. ಪ್ರತಿ ಪುಟದಲ್ಲೂ ೦ ಮತ್ತು ೯ ಎರಡನ್ನೂ ಹುಡುಕಿ ನೋಡುವ ಅಭ್ಯಾಸ ಮಾಡಿಸಿ. ಹಳೆಯ ಅಚ್ಚಿನಲ್ಲಿ ಸಾಲಿನ ಕೊನೆಗೆ ಪದ ಅಡ್ಡಗೆರೆಯಿಲ್ಲದೇ ಮುರಿದಿರುವುದುಂಟು, ಅದನ್ನು ಕೂಡಿಸಿ. ಹಳಗನ್ನಡದ ೞ, ಱ ಅಕ್ಷರಗಳಿದ್ದರೆ ಹಾಗೇ ಉಳಿಸಿ, ಇಂದಿನ ಬರವಣಿಗೆಗೆ ತಿದ್ದುವುದು ನಮ್ಮ ಕೆಲಸವಲ್ಲ.

ಪ್ರತಿ ಪುಟದ ಸ್ಥಿತಿಯನ್ನು ವಿಕಿಸೋರ್ಸ್ ಬಣ್ಣದಲ್ಲಿ ತೋರಿಸುತ್ತದೆ: ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು. ಹಳದಿ ಮಾಡಿದ ಖಾತೆಯಿಂದಲೇ ಹಸಿರು ಮಾಡಲು ಬರುವುದಿಲ್ಲ. ಆದ್ದರಿಂದ ಗ್ರಂಥಾಲಯದ ಹೆಸರಲ್ಲಿ ಒಂದೇ ಖಾತೆ ತೆರೆದು ಎಲ್ಲರೂ ಬಳಸಿದರೆ ಕೆಲಸ ಹಳದಿಯಲ್ಲೇ ನಿಲ್ಲುತ್ತದೆ. ತಲೆಗೊಂದು ಖಾತೆ ಇರಲಿ. ಒಂದೇ ಇಂಟರ್‌ನೆಟ್ ವಿಳಾಸದಿಂದ ದಿನಕ್ಕೆ 6 ಖಾತೆ ಮಾತ್ರ ತೆರೆಯಲು ಬಿಡುತ್ತಾರೆ, ಏಳನೆಯವರಿಗೆ ಆಗುವುದಿಲ್ಲ. ಮನೆಯಲ್ಲೇ ಖಾತೆ ಮಾಡಿಕೊಂಡು ಬನ್ನಿ ಎಂದು ಹಿಂದಿನ ದಿನವೇ ಹೇಳಿ.

ಸಿಬ್ಬಂದಿಗಾಗಿ ವಿಕಿಯಲ್ಲೇ ಒಂದು ಯೋಜನಾ ಪುಟ ಸಾಕು: ಅಕ್ಸೆಶನ್ ನಂಬರ್ (ಪುಸ್ತಕ ಗ್ರಂಥಾಲಯಕ್ಕೆ ಸೇರಿದಾಗ ಕೊಟ್ಟ ಸಂಖ್ಯೆ), ಸ್ಕ್ಯಾನ್ ಆಯಿತೇ, ಯಾವ ಹಾಳೆ ಇಲ್ಲ, ಯಾರು ತಿದ್ದುತ್ತಿದ್ದಾರೆ. ಸ್ಕ್ಯಾನ್‌ನಲ್ಲಿ ಓದಲಾಗದ ಪುಟವನ್ನು ಊಹೆಯಿಂದ ತುಂಬಿಸದೆ ಸಮಸ್ಯೆ ಇದೆ ಎಂದು ಸೂಚಿಸುವ ನೀಲಿ ಬಣ್ಣದಲ್ಲಿ ಬಿಡಲು ಓದುಗರಿಗೆ ಹೇಳಿ. ವಾರಕ್ಕೊಮ್ಮೆ ಆ ನೀಲಿ ಪುಟಗಳನ್ನು ಪಟ್ಟಿಮಾಡಿಕೊಂಡು ಬೀರು ತೆಗೆದು, ಮೂಲ ಹಾಳೆಯನ್ನೇ ಬೆಳಕಿಗೆ ಹಿಡಿದು ಓದಿ ತುಂಬಿ.