ಮಕ್ಕಳ ನೆನಪಿನ ವಸ್ತುಗಳನ್ನು ಹೇಗೆ ಜೋಪಾನ ಮಾಡುವುದು?

ಮಕ್ಕಳು ಬಿಡಿಸಿದ ಚಿತ್ರ, ಮೊದಲ ಅಂಗಿ, ಗರ್ಭದಲ್ಲಿದ್ದಾಗಿನ ಸ್ಕ್ಯಾನ್ ಚಿತ್ರ ಇವನ್ನೆಲ್ಲ ಎಂಥ ಪೆಟ್ಟಿಗೆಯಲ್ಲಿ ಇಡಬೇಕೆಂದು ಹೊಸದಾಗಿ ತಂದೆತಾಯಿಯಾದವರು ನನ್ನನ್ನು ಆಗಾಗ ಕೇಳುತ್ತಾರೆ. ಪೆಟ್ಟಿಗೆಗಿಂತ ಮೊದಲು ಒಂದು ಪೆನ್ಸಿಲ್ ತೆಗೆದುಕೊಳ್ಳಿ ಎನ್ನುತ್ತೇನೆ. ಚಿತ್ರ ಕೈಗೆ ಬಂದ ದಿನವೇ ಅದರ ಬೆನ್ನಿಗೆ ಮಗುವಿನ ಹೆಸರು, ದಿನಾಂಕ ಮತ್ತು ಆಗ ಮಗು ಆಡಿದ ಮಾತನ್ನು ಹಗುರವಾಗಿ ಬರೆದಿಡಬೇಕು. ನನ್ನ ಮಗಳು ನಾಲ್ಕನೆಯ ವಯಸ್ಸಿನಲ್ಲಿ ಬಿಡಿಸಿದ ಕುದುರೆಗೆ ಏಳು ಕಾಲುಗಳಿವೆ. ಅದರ ಹಿಂದೆ, "ಅದು ಓಡ್ತಾ ಇದೆ, ಅದಕ್ಕೇ ಅಷ್ಟು ಕಾಲು" ಎಂಬ ಅವಳ ಮಾತಿದೆ. ಅದೇ ಕಟ್ಟಿನಲ್ಲಿ ಏನೂ ಬರೆಯದೆ ಇಟ್ಟ ಹಾಳೆಗಳೂ ಇವೆ, ಅವು ಮಗಳವೋ ಮಗನವೋ ಎಂಬುದು ಈಗ ನನಗೇ ಗೊತ್ತಾಗುವುದಿಲ್ಲ. ಸ್ಕೆಚ್ ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ, ಪೆನ್ಸಿಲ್ಲಿನ ಗೀರು ಇಳಿಯುವುದಿಲ್ಲ.

ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಗಾಳಿ ಬೆಳಕಿಗೆ ಹಳದಿಯಾಗುತ್ತದೆ. ಆದ್ದರಿಂದ ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ, ತೇವವಿಲ್ಲದ ಒಳಗೋಡೆಯ ಬೀರುವಿನಲ್ಲಿ ಚಿತ್ರಗಳನ್ನು ಮಡಚದೆ ಮಲಗಿಸಿಡುವುದು ಒಳ್ಳೆಯದು. ತುಕ್ಕು ಹಿಡಿಯುವ ಸ್ಟೇಪ್ಲರ್ ಪಿನ್ನು, ಕಲೆ ಉಳಿಸುವ ಅಂಟುಪಟ್ಟಿ ಎರಡನ್ನೂ ತೆಗೆದುಬಿಡಿ. ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕೆಂದರೆ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಇರಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸ್ಕ್ಯಾನ್ ಚಿತ್ರದ ವಿಷಯದಲ್ಲಿ. ಅದು ಸಾಮಾನ್ಯವಾಗಿ ಥರ್ಮಲ್ ಕಾಗದದ ಮೇಲಿರುತ್ತದೆ. ಅಲ್ಲಿ ಶಾಯಿಯೇ ಇಲ್ಲ, ಶಾಖಕ್ಕೆ ಕಪ್ಪಾಗುವ ಲೇಪನದಲ್ಲಿ ಚಿತ್ರ ಮೂಡಿರುತ್ತದೆ. ಉಳಿಯಲೆಂದು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿದರೆ ಆ ಬಿಸಿಗೆ ಇಡೀ ಹಾಳೆ ಕಪ್ಪಾಗಿಬಿಡಬಹುದು, ಹೋದ ಚಿತ್ರ ಮರಳುವುದಿಲ್ಲ. ಮನೆಗೆ ತಂದ ವಾರದಲ್ಲೇ ಅದನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿ, ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಟ್ಟೆಗಳನ್ನು ಗಂಜಿ ಹಾಕದೆ ಒಗೆದು, ಪೂರ್ತಿ ಒಣಗಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಒಗೆಯದೆ ಇಟ್ಟರೆ ಇಂದು ಕಾಣದ ಹಾಲಿನ ಕಲೆ ಮುಂದೆ ಹಳದಿಯಾಗಿ ಏಳುತ್ತದೆ, ಗಂಜಿಯನ್ನು ತಿನ್ನಲು ಬೆಳ್ಳಿಹುಳು ಬರುತ್ತದೆ. ಅದೇ ಅಂಗಿಯನ್ನು ಮುಂದೊಂದು ಮಗುವಿಗೆ ತೊಡಿಸುವ ಆಸೆಯಿದ್ದರೆ ನ್ಯಾಫ್ತಲೀನ್ ಗುಳಿಗೆಯನ್ನು ಹತ್ತಿರ ತರಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಮಣ್ಣಿನ ಆನೆ, ರಟ್ಟಿನ ಮನೆಯಂಥವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮಗುವಿನ ಕೈಗೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುತ್ತೇನೆ. ಆಗ ಆನೆ ಎಷ್ಟಿತ್ತು, ಕೈ ಎಷ್ಟಿತ್ತು ಎಂಬುದೂ ಚಿತ್ರದಲ್ಲಿ ಉಳಿಯುತ್ತದೆ.