ಕಸೂತಿಯಲ್ಲಿ ಎರೆಭೂತ: ಆರನೇ ವಾರ

ಎರೆಭೂತ ಹಕ್ಕಿಯ ಕುತ್ತಿಗೆ ಮುಗಿಯಿತು. ಎರಡು ಸಲ ಬಿಚ್ಚಿದೆ, ಮೂರನೇ ಸಲಕ್ಕೆ ಸರಿಹೋಯಿತು.

ಕಸೂತಿಯ ಗವಂತಿ ಹೊಲಿಗೆ ಹಾಕಿದವರಿಗೆ ಈ ಕಷ್ಟ ಗೊತ್ತು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಬೇಕು, ಬರುವಾಗ ಬಿಟ್ಟ ಜಾಗ ತುಂಬಬೇಕು. ಎಳೆ ಎಣಿಸುವಾಗ ಒಂದೇ ಒಂದು ತಪ್ಪಿದರೂ ವಾಪಸ್ ಬರುವ ದಾರ ಕೂಡುವುದಿಲ್ಲ. ನನಗೆ ತಪ್ಪಿದ್ದು ಕೊಕ್ಕಿನ ಕೆಳಗೆ, ಹನ್ನೊಂದನೇ ಹೊಲಿಗೆಯಲ್ಲಿ. ಗೊತ್ತಾಗಿದ್ದು ಎದೆ ಹತ್ತಿರ ಬಂದ ಮೇಲೆ. ಅವ್ವ ಬಟ್ಟೆ ತಿರುವಿ ನೋಡಿದಳು. "ಹಿಂದ ಮುಂದ ಒಂದ ಸಮ ಕಾಣವಲ್ದು. ಬಿಚ್ಚು ನಮ್ಮವ್ವಾ" ಅಂದಳು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಎರೆಭೂತ ಅಂದರೆ ದೊರವಾಯನ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೂ ತೂಗುತ್ತದೆ. ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆ ತಗೊಂಡಿದ್ದೇನೆ, ಅದು ನಮ್ಮ ಎರೆ ಹೊಲದ ಬಣ್ಣವೂ ಹೌದು. ಗಂಡಿನ ನೆತ್ತಿ ಕಪ್ಪು, ಕುತ್ತಿಗೆ ಬಿಳಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ನೆತ್ತಿಗೂ ಪಟ್ಟಿಗೂ ದಾರವನ್ನೇ ಹಾಕಿಲ್ಲ. ಸುತ್ತ ಬಿಳಿ ದಾರ ಬರುತ್ತಿದ್ದಂತೆ ಬಟ್ಟೆಯೇ ನೆತ್ತಿಯಾಯಿತು. ಅವತ್ತು ರಾತ್ರಿ ಖುಷಿಗೆ ನಿದ್ದೆ ಹತ್ತಲಿಲ್ಲ.

"ನವಲ ಬಿಟ್ಟು ಇದ್ಯಾಕ ಹಾಕ್ತಿ?" ಅಂತ ಅವ್ವ ಮೊದಲ ದಿನವೇ ಕೇಳಿದ್ದಳು. ಕಸೂತಿಯಲ್ಲಿ ನವಿಲು, ತೇರು, ಗೋಪುರ, ಆನೆ ಎಲ್ಲ ಇವೆ. ಈ ಹಕ್ಕಿಯ ನಮೂನೆ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ, ಗ್ರಾಫ್ ಹಾಳೆ ಮೇಲೆ ನಾನೇ ಬರೆದುಕೊಂಡೆ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತಲ್ಲ, ಆಗ ಪಕ್ಷಿತಜ್ಞ ಸಲೀಂ ಅಲಿ ಅವರು ಇದೇ ಹಕ್ಕಿಗೆ ಆ ಸ್ಥಾನ ಸಿಗಲಿ ಅಂದಿದ್ದರು. ಅವ್ವನಿಗೆ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಂಗಾದ್ರ ಛಂದ ಹಾಕು" ಅಂದಳು.

ಈ ವಾರ ಜಾಸ್ತಿ ತಲೆ ಕೆಡಿಸಿದ್ದು ಕರೆಂಟಿನ ತಂತಿ. ಈ ಹಕ್ಕಿಗೆ ಕಣ್ಣು ತಲೆಯ ಪಕ್ಕಕ್ಕಿವೆ, ಹಾರುವಾಗ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ಮೈಭಾರ ಬೇರೆ. ತಂತಿ ಹತ್ತಿರ ಬಂದ ಮೇಲೆ ಕಂಡರೂ ಗಕ್ಕನೆ ತಿರುಗಲು ಆಗದು. ಜೈಸಲ್ಮೇರ್ ಕಡೆ ಹೀಗೆ ಎಷ್ಟೋ ಹಕ್ಕಿ ಸತ್ತಿವೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿಗಳಿರುವ ಜಾಗದಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಅಂತ ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಬದಲಿಸಿ, ತಜ್ಞರ ಸಮಿತಿ ಮಾಡಿತು. ಆ ತಂತಿಗಳಲ್ಲಿ ಬರುವ ಸೋಲಾರ್ ಕರೆಂಟೂ ಬೇಕು, ಹಕ್ಕಿಯೂ ಬೇಕು. ಎರಡರಲ್ಲಿ ಹಕ್ಕಿ ಹೋದರೆ ಮತ್ತೆ ತರಲು ಆಗಲ್ಲ ಅನ್ನೋದು ನನ್ನ ಮಾತು.

ಬಟ್ಟೆಯಲ್ಲಿ ತಂತಿಯನ್ನು ಬೂದು ದಾರದಿಂದ ಬಲಗಡೆಯಿಂದ ತಂದೆ. ಹಕ್ಕಿ ಹತ್ತಿರ ಬಂದಾಗ ಕೆಳಗಿಳಿಸಿ, ಅಲ್ಲಿಂದ ಒಂದೇ ಸಲ ಹೋಗುವ ಗವಂತಿ ಹಾಕಿದೆ. ವಾಪಸ್ ತುಂಬಲಿಲ್ಲ. ಅಷ್ಟಷ್ಟು ದೂರಕ್ಕೆ ಮುಳುಗಿ ಏಳುವ ದಾರ, ಅರ್ಧ ಮೇಲೆ, ಅರ್ಧ ನೆಲದ ಒಳಗೆ. ಬೇಕಂತಲೇ ಹಾಗೆ ಬಿಟ್ಟಿದ್ದೇನೆ.

ಮರಿಯದು ಸಣ್ಣ ಕೆಲಸ, ಒಂದೇ ಸಂಜೆಗೆ ಆಯಿತು. ಈ ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಯಿ, ನರಿ ಕಣ್ಣಿಗೆ ಬಿದ್ದರೆ ಆ ವರ್ಷ ಮುಗಿಯಿತು. ಅದಕ್ಕೇ ಕೇಂದ್ರ ಸರ್ಕಾರ, ರಾಜಸ್ಥಾನದ ಅರಣ್ಯ ಇಲಾಖೆ ಮತ್ತು ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಸೇರಿ ಜೈಸಲ್ಮೇರ್ ಜಿಲ್ಲೆಯ ಸಮ್‌ನಲ್ಲಿ 2019ರಿಂದ ಮರಿ ಬೆಳೆಸುತ್ತಿವೆ. ಬಯಲಿನ ಮೊಟ್ಟೆ ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿ ಮಾಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಆ ಸುದ್ದಿ ಓದಿದ ಮೇಲೆಯೇ ನನಗೆ ಈ ಕಸೂತಿ ಹೊಳೆದದ್ದು.

ಆದರೆ ಬೆಳೆದ ಮರಿಯನ್ನು ಬಿಡಲು ಬಯಲು ಬೇಕಲ್ವಾ? ಬಟ್ಟೆಯ ಎಡ ಮೂಲೆ ಅದಕ್ಕೆ. ಅದು ನಮ್ಮ ರಾಣೆಬೆನ್ನೂರು. 1974ರಲ್ಲಿ 119 ಚದರ ಕಿಲೋಮೀಟರ್ ಕೃಷ್ಣಮೃಗಗಳ ಅಭಯಾರಣ್ಯವಾಯಿತು, ಎರೆಭೂತವೂ ಅಲ್ಲಿತ್ತು. ಅದೇ ಹುಲ್ಲುಗಾವಲಿನ ಬಹುಪಾಲು ನೀಲಗಿರಿ ತೋಪಾಯಿತು. ಮರ ನೆಟ್ಟರೆ ಒಳ್ಳೆಯದೇ ಅಂತ ಶಾಲೆಯಲ್ಲಿ ಕಲಿತವಳು ನಾನು. ಈ ಹಕ್ಕಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಹುಲ್ಲು ಅಂತ ತಿಳಿದಿದ್ದು ತೀರಾ ಈಚೆಗೆ. ಈಗ ರಾಜ್ಯದಲ್ಲಿ ಇದು ಕಾಣುವುದು ಬಳ್ಳಾರಿಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆಯಷ್ಟು.

ಆ ಮೂಲೆಗೆ ಮೊದಲು ಹಸಿರು ದಾರ ತಂದಿದ್ದೆ. ಅವ್ವ ಬೇಡ ಅಂದಳು. "ಬ್ಯಾಸಗಿ ಹುಲ್ಲು ಕಣಕಿ ಬಣ್ಣಾ ಇರ್ತದ." ಹೌದಲ್ಲ! ಒಣಗಿದ ಜೋಳದ ದಂಟಿನ ಬಣ್ಣದ ದಾರ ತಂದು, ಬಣ್ಣ ಬಿಡುತ್ತದೋ ನೋಡಲು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕಟ್ಟೆ ಮೇಲೆ ಒಣಹಾಕಿದ್ದೇನೆ. ನೀರು ತಿಳಿಯಾಗಿಯೇ ಇತ್ತು. ಸೋಮವಾರದಿಂದ ಹುಲ್ಲು.